ರಸಿಕರ ತಕ್ಕಡಿಯಲ್ಲಿ ಇಬ್ಬರು ಗಾಯಕರು

ಡಿಸೆಂಬರದ ಚಳಿ ಅಡಿಯಿಟ್ಟಿತೆಂದರೆ ಪುಣೆಯ ಸಂಗೀತಪ್ರಿಯರ ಬಾಯಲ್ಲಿ ‘ಸವಾಯಿ’ ಎಂಬ ಒಂದೇ ಶಬ್ದ ಸುಳಿದಾಡತೊಡಗುತ್ತದೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ದಿವಂಗತರಾದರು. ಮರುವರ್ಷವೇ ಅವರ ಸ್ಮರಣೆಗಾಗಿ ಶಿಷ್ಯ ಭೀಮಸೇನ ಜೋಶಿಯವರು ಮುಂದಾಗಿ ಈ ಉತ್ಸವವನ್ನು ಆರಂಭಿಸಿದರು. ಕನ್ನಡಿಗ ಗುರುವಿನ ಹೆಸರಿನಲ್ಲಿ ಕನ್ನಡಿಗ ಶಿಷ್ಯನು ಮರಾಠಿ ನಗರದಲ್ಲಿ ನೆಟ್ಟ ಈ ಸಸಿ ಇಂದು ಹೆಮ್ಮರವಾಗಿದೆ. ಮೊದಲ ದಶಕಗಳಲ್ಲಿ ರಸಿಕರು ಇರುಳೆಲ್ಲ ಹಾಡು ಕೇಳಿ ಬೆಳಗಿಗೆ ಮನೆ ಸೇರುತ್ತಿದ್ದರು. ಧ್ವನಿವರ್ಧಕದ ನಿರ್ಬಂಧಗಳಿಂದಾಗಿ ಈಗ ರಾತ್ರಿ ಹತ್ತಕ್ಕೆ ಮಂಟಪ ಮೌನವಾಗುತ್ತದೆ. ಆದರೆ ರಸಿಕರ ವಾದವಿವಾದಗಳು ಮಾತ್ರ ಹತ್ತಕ್ಕೆ ನಿಲ್ಲುವುದಿಲ್ಲ.

ಈ ವಾದಗಳಲ್ಲಿ ಬಹುಕಾಲ ಬಾಳಿದ್ದು ಭೀಮಸೇನರನ್ನು ಕುರಿತದ್ದು. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದು, ಬಾಲ್ಯದಲ್ಲಿಯೇ ಗುರುವನ್ನರಸಿ ಮನೆ ಬಿಟ್ಟು ಹೋದ ಈ ಗಾಯಕರು ಖ್ಯಾಲಿನ ಶಿಖರವನ್ನೇರಿದ ಮೇಲೆ ‘ಸಂತವಾಣಿ’ಯ ಅಭಂಗಗಳನ್ನೂ ದಾಸರ ಪದಗಳನ್ನೂ ಹಾಡಿದರು. 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಕಂಠ ಕೊಟ್ಟರು. 1988ರ ‘ಮಿಲೇ ಸುರ್’ ಗೀತೆಯ ಮೂಲಕ ದೂರದರ್ಶನವಿದ್ದ ಮನೆಮನೆಯನ್ನೂ ತಲುಪಿದರು. ಜನಪ್ರಿಯತೆಯು ರಾಗದ ಗಾಂಭೀರ್ಯವನ್ನು ತೆಳುವಾಗಿಸುವುದೆಂದು ಶುದ್ಧ ಸಂಪ್ರದಾಯದ ಪಕ್ಷಪಾತಿಗಳು ಶಂಕಿಸುತ್ತಾರೆ. ಅಭಂಗದ ಬಾಗಿಲಿನಿಂದ ಒಳಬಂದ ಶ್ರೋತೃವು ಕ್ರಮೇಣ ಖ್ಯಾಲಿನ ಗರ್ಭಗುಡಿಯನ್ನೂ ಕಾಣುವನೆಂದು ಎದುರುಪಕ್ಷದವರು ಸಾಧಿಸುತ್ತಾರೆ. ಎರಡೂ ಕಡೆಯವರು ಒಪ್ಪುವ ಮಾತೊಂದಿದೆ: ವಿಠಲನ ಹೆಸರೆತ್ತಿದಾಗಲೂ ಅವರ ಸ್ವರಶುದ್ಧಿಯಲ್ಲಿ ರಿಯಾಯತಿ ಇರಲಿಲ್ಲ.

ಇದು ಕಲೆಯ ಪ್ರಶ್ನೆ. ಇನ್ನೊಂದು ಪ್ರಶ್ನೆ ಸಮಾಜದ್ದು. ಅದು ಅಷ್ಟು ಸುಲಭವಲ್ಲ. ಭೀಮಸೇನರ ಗುರುಭಗಿನಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಹಾಡಿದ ಆ ಬಾಲಿಕೆಯ ಮನಸ್ಸಿನಲ್ಲಿ, ಜಾತಿಯ ಕಾರಣದಿಂದ ಊಟದ ಹೊತ್ತಿಗೆ ಅವಮಾನವಾದೀತೆಂಬ ಅಳುಕಿತ್ತು. ಹಾಡಿಗೆ ತಲೆದೂಗುವ ಸಮಾಜವು ಹಾಡುವವಳನ್ನು ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯುತ್ತಿದ್ದ ಕಾಲವದು.

ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಅವರ ಧ್ವನಿ ಗಡುಸಾಯಿತು. ಮೊದಲ ಧ್ವನಿಮುದ್ರಿಕೆಗಳ ಕೋಮಲ ಕಂಠವನ್ನು ಬಲ್ಲವರಿಗೆ ಅದು ಆಘಾತವೇ ಸರಿ. ಹೆಣ್ಣಿನ ದನಿ ಇಂತೇ ಇರಬೇಕೆಂಬ ಕಟ್ಟಳೆಗೆ ಅವರು ಮಣಿಯಲಿಲ್ಲ. ಒದಗಿಬಂದ ಕಂಠದಲ್ಲಿಯೇ ಕಿರಾಣಾ ಘರಾಣೆಯ ನಿಧಾನಗತಿಯ ಆಲಾಪವನ್ನು ಕಟ್ಟಿ ನಿಲ್ಲಿಸಿದರು. ಸವಾಯಿ ಮಂಟಪದ ಶ್ರೋತೃವರ್ಗವು ಆ ದನಿಯನ್ನು ಒಪ್ಪಿತು, ಗೌರವಿಸಿತು. ಅದು ರಸಿಕತೆಯ ವಿಜಯವೆನ್ನಬೇಕು.

ಆದರೂ ಒಂದು ಋಣ ಉಳಿದಿದೆ. ಮುಸಲ್ಮಾನ ಗಾಯಕರು ಉಸ್ತಾದರಾಗುತ್ತಾರೆ, ಹಿಂದೂ ಗಾಯಕರು ಪಂಡಿತರಾಗುತ್ತಾರೆ, ಕೇಸರಬಾಯಿ ಮೋಗೂಬಾಯಿಯರಂಥ ವಿದುಷಿಯರು ಮಾತ್ರ ‘ಬಾಯಿ’ಯಾಗಿಯೇ ಉಳಿಯುತ್ತಾರೆಂದು ಗಂಗೂಬಾಯಿಯವರೇ ನೋವಿನಿಂದ ಹೇಳಿದ್ದುಂಟು. ನಮ್ಮ ಕಡೆಯಲ್ಲಿ ‘ಬಾಯಿ’ ಎಂಬುದು ಅಗೌರವದ ಮಾತೇನೂ ಅಲ್ಲ. ಮನೆಯ ಹಿರಿಯಳನ್ನೂ ಹಾಗೆಯೇ ಕರೆಯುತ್ತೇವೆ. ಆದರೆ ಗಂಡಸಿನ ವಿದ್ವತ್ತಿಗೆ ಬಿರುದು ದೊರೆತು, ಹೆಂಗಸಿನ ವಿದ್ವತ್ತಿಗೆ ಕೇವಲ ಹೆಣ್ತನದ ಗುರುತು ಅಂಟಿಕೊಂಡರೆ ಅಲ್ಲಿ ನ್ಯಾಯದ ತಕ್ಕಡಿ ಒಂದು ಕಡೆಗೆ ವಾಲಿದೆಯೆಂದೇ ಅರ್ಥ.

ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣವೂ, ಭೀಮಸೇನರಿಗೆ 2008ರಲ್ಲಿ ಭಾರತರತ್ನವೂ ಸಂದವು. 2009ರ ಜುಲೈಯಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಆ ತಾಯಿ ಕಣ್ಣುಗಳನ್ನೂ ದಾನವಾಗಿತ್ತು ಹೋದರು. 2011ರ ಜನವರಿಯಲ್ಲಿ ಪುಣೆಯಲ್ಲಿ ಭೀಮಸೇನರೂ ಅಗಲಿದರು. ಮಕ್ಕಳ ಕೈಹಿಡಿದು ಸವಾಯಿ ಮಂಟಪಕ್ಕೆ ಹೋಗುವ ಪುಣೆಯ ಕನ್ನಡ ತಾಯಿತಂದೆಗಳು ಒಬ್ಬರ ಹುಡುಕಾಟದ ಕಥೆಯೊಡನೆ ಇನ್ನೊಬ್ಬರ ಅಳುಕಿನ ಕಥೆಯನ್ನೂ ಹೇಳಲಿ. ಚಪ್ಪಾಳೆ ತಟ್ಟುವ ಕೈಯೇ ಪಂಕ್ತಿಯಲ್ಲಿ ಎಲೆಯನ್ನೂ ಹಾಸಬೇಕೆಂಬುದು ಮುಂದಿನ ಪೀಳಿಗೆಗೆ ಆಗ ತಿಳಿದೀತು.