ಬೆವರು, ನೀರು ಮತ್ತು ಉಪ್ಪು

ಶ್ರೀರಾಮನವಮಿಯಂದು ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಬೀದಿಗಳಲ್ಲಿ ದಾರಿಹೋಕರಿಗೆ ಪಾನಕ, ನೀರುಮಜ್ಜಿಗೆಗಳನ್ನು ಹಂಚುವುದು ಬಹುಕಾಲದ ರೂಢಿ. ಬಿಸಿಲಿನಲ್ಲಿ ಬೆವರಿದವನಿಗೆ ನೀರಿನೊಡನೆ ಬೆಲ್ಲವೂ ಉಪ್ಪೂ ದೊರೆಯುವ ಈ ಏರ್ಪಾಡು ಹಿತಕರವಾದುದು. ಇಂದು ಅದೇ ಉದ್ದೇಶದ ಲವಣಪಾನೀಯಗಳು ಅಂಗಡಿಗಳಲ್ಲಿ ಬಾಟಲಿಗಳಲ್ಲಿ ದೊರೆಯುತ್ತವೆ. ಲಾಲ್‌ಬಾಗಿನಲ್ಲಿ ಮುಂಜಾನೆ ಓಡುವವರೂ ಅವನ್ನು ಕುಡಿಯುವುದುಂಟು. ವ್ಯಾಯಾಮ ಮಾಡುವವರಿಗೆಲ್ಲ ಇವು ಅಗತ್ಯವೆ? ಕುಡಿದಷ್ಟೂ ಲಾಭವೆ?

ನರಗಳ ಹಾಗೂ ಸ್ನಾಯುಗಳ ಕಾರ್ಯಕ್ಕೆ ರಕ್ತದಲ್ಲಿ ಲವಣಗಳು ತಕ್ಕ ಪ್ರಮಾಣದಲ್ಲಿರಬೇಕು. ಒಂದು ಲೀಟರ್ ರಕ್ತರಸದಲ್ಲಿ ಸುಮಾರು 3.2 ಗ್ರಾಂ ಸೋಡಿಯಂ ಇರುತ್ತದೆ. ಬೆವರಿನಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾಗಿ ಲೀಟರಿಗೆ 1 ಗ್ರಾಂ ಆಸುಪಾಸು. ಎಂದರೆ, ಬೆವರಿದಾಗ ಉಪ್ಪಿಗಿಂತ ನೀರಿನ ನಷ್ಟವೇ ಹೆಚ್ಚು. ಆದುದರಿಂದ ಒಂದು ಗಂಟೆಯೊಳಗಿನ ಸಾಧಾರಣ ಆಟಕ್ಕೆ ನೀರೇ ಸಾಕು. ಕಳೆದ ಉಪ್ಪನ್ನು ಮುಂದಿನ ಊಟದ ಸಾರು, ಮಜ್ಜಿಗೆಗಳೇ ತುಂಬಿಕೊಡುತ್ತವೆ.

ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನೀರಿಗೂ ಸಲ್ಲುತ್ತದೆ. ದೀರ್ಘ ಓಟದಲ್ಲಿ ದಾಹವಿಲ್ಲದಿದ್ದರೂ ಮೇಲಿಂದ ಮೇಲೆ ಕುಡಿದರೆ ಮೂತ್ರಪಿಂಡಗಳು ಆ ನೀರನ್ನು ಬೇಗನೆ ಹೊರಹಾಕಲಾರವು. ರಕ್ತದ ಸೋಡಿಯಂ ತೆಳುವಾಗಿ, ನೀರು ಜೀವಕೋಶಗಳಿಗೆ ನುಗ್ಗಿ, ಮೆದುಳು ಊದಿಕೊಳ್ಳುತ್ತದೆ. ಅಮೆರಿಕದ ಬಾಸ್ಟನ್ ನಗರದ 2002ರ ಮ್ಯಾರಥಾನ್ ಓಟದ ಕೊನೆಯಲ್ಲಿ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ, ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿಯೇ ಇದು ವಿಶೇಷವಾಗಿ ಕಂಡುಬಂದಿತು. ಲವಣಪಾನೀಯವೂ ಇದಕ್ಕೆ ರಕ್ಷೆಯಲ್ಲ. ಲೀಟರಿಗೆ ಸುಮಾರು ಅರ್ಧ ಗ್ರಾಂ ಸೋಡಿಯಂ ಉಳ್ಳ ಅದು ರಕ್ತಕ್ಕಿಂತ ಎಷ್ಟೋ ತೆಳು.

ತಲೆನೋವು, ವಾಕರಿಕೆ, ಮನಸ್ಸಿನ ಗೊಂದಲ ಇದರ ಲಕ್ಷಣಗಳು. ನೀರಿನ ಕೊರತೆಯಲ್ಲಿಯೂ ಇಂತಹವೇ ಲಕ್ಷಣಗಳು ಕಾಣುವುದರಿಂದ, ಜೊತೆಯವರು ಮತ್ತಷ್ಟು ನೀರು ಕುಡಿಸಿ ಪ್ರಾಣಾಪಾಯಕ್ಕೆ ಎಡೆಮಾಡಿಕೊಡಬಹುದು. ಮಾತು ತಡವರಿಸಿದರೆ, ಎಚ್ಚರ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಉಪ್ಪಿನ ಅತಿರೇಕವೂ ಹಾನಿಕರವೇ. ರಕ್ತದೊತ್ತಡ ಅಥವಾ ಮೂತ್ರಪಿಂಡದ ರೋಗವುಳ್ಳವರು ವೈದ್ಯರನ್ನು ಕೇಳದೆ ಲವಣಪಾನೀಯ, ಉಪ್ಪಿನ ಮಾತ್ರೆಗಳನ್ನು ಸೇವಿಸಬಾರದು. ಮಧುಮೇಹಿಗಳು ಪಾನೀಯದಲ್ಲಿರುವ ಸಕ್ಕರೆಯನ್ನೂ ಗಮನಿಸಬೇಕು. ಭೇದಿಯಾದಾಗ ಕೊಡುವ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಬೇಕು. ನೀರು ಕಡಿಮೆಯಾದರೆ ಔಷಧವೇ ಅಪಾಯಕಾರಿಯಾದೀತು.

ಬಹುಮಟ್ಟಿಗೆ ದಾಹವೇ ಆಟಗಾರನ ಅಳತೆಗೋಲು. ಬಾಯಾರಿದಾಗ ಕುಡಿಯುವುದು, ಸಾಕೆನಿಸಿದಾಗ ನಿಲ್ಲಿಸುವುದು, ಇವೆರಡನ್ನೂ ಅವನು ಕಲಿಯಬೇಕು.