ಮೆಡಿಕ್ಲೇಮ್ ಕಂತು ಮತ್ತು ನಿಮ್ಮ ಆದಾಯ ತೆರಿಗೆ ರಿಟರ್ನ್



ವೈದ್ಯಕೀಯ ನೆರವು ಕೋರಿ ಸಂಘಕ್ಕೆ ಬರುವ ಅರ್ಜಿಗಳನ್ನು ನೋಡುವ ಉಪಸಮಿತಿಯಲ್ಲಿ ನಾನೂ ಒಬ್ಬ. ಅರ್ಜಿದಾರರ ಮಕ್ಕಳಿಂದ ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ: “ಅಪ್ಪನಿಗೆ ಮೆಡಿಕ್ಲೇಮ್ ಇತ್ತು ಸರ್. ಹೊಸ ತೆರಿಗೆ ಪದ್ಧತಿಯಲ್ಲಿ ಅದಕ್ಕೇನೂ ಸಿಗುವುದಿಲ್ಲವಲ್ಲ, ಹಾಗಾಗಿ ರಿನ್ಯೂ ಮಾಡಲಿಲ್ಲ.” ರಿಟರ್ನ್ ಸಲ್ಲಿಸುವ ದಿನಗಳು ಹತ್ತಿರ ಬಂದಿರುವುದರಿಂದ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಮಾ ಕಂತಿಗೆ ವಿನಾಯಿತಿ ಸಿಗುವುದು 80ಡಿ ಕಲಮಿನಲ್ಲಿ. ಕಂತಿನ ಹಣ ಕಳೆಯುವುದು ನಿಮ್ಮ ಆದಾಯದಿಂದ, ತೆರಿಗೆಯಿಂದಲ್ಲ. ಇದನ್ನು ಅನೇಕರು ತಪ್ಪು ತಿಳಿದಿದ್ದಾರೆ. ತಾನು, ಹೆಂಡತಿ ಅಥವಾ ಗಂಡ, ಅವಲಂಬಿತ ಮಕ್ಕಳು ಸೇರಿ 25,000 ರೂ. ಮಿತಿ. ತಂದೆತಾಯಿಗೆ ಪ್ರತ್ಯೇಕವಾಗಿ 25,000. ಅವರು 60 ದಾಟಿದ್ದರೆ 50,000. ತಂದೆತಾಯಿ ನಿಮ್ಮ ಅವಲಂಬಿತರೇ ಆಗಿರಬೇಕೆಂದಿಲ್ಲ. ಆದರೆ ಅತ್ತೆಮಾವ, ಅಣ್ಣತಮ್ಮಂದಿರ ಕಂತಿಗೆ ಇದು ಅನ್ವಯಿಸದು.

45 ವರ್ಷದ ಮಗನೊಬ್ಬ ತನ್ನ ಸಂಸಾರಕ್ಕೆ 22,000, ಎಪ್ಪತ್ತರ ತಂದೆತಾಯಿಗೆ 38,000 ಕಂತು ಕಟ್ಟಿದ ಅನ್ನಿ. ಆದಾಯದಲ್ಲಿ 60,000 ಕಳೆಯುತ್ತದೆ. ಶೇ. 20ರ ದರದಲ್ಲಿದ್ದರೆ ಸೆಸ್ ಸೇರಿ ಉಳಿಯುವ ತೆರಿಗೆ 12,480 ರೂ. ಅಂದರೆ ಉಳಿದ 47,520 ರೂ. ಹೇಗೂ ಅವನ ಕೈಯಿಂದಲೇ ಹೋಗುತ್ತದೆ.

ಕಂತು ಕಟ್ಟಿದವರಿಗೇ ವಿನಾಯಿತಿ. ಅಪ್ಪನ ಖಾತೆಯಿಂದ ಹಣ ಹೋಗಿದ್ದರೆ ಮಗ ಕೇಳುವಂತಿಲ್ಲ; ಅಣ್ಣತಮ್ಮ ಹಂಚಿಕೊಂಡು ಕಟ್ಟಿದ್ದರೆ ಅವರವರು ಕಟ್ಟಿದಷ್ಟು ಅವರವರಿಗೆ. ನಗದಾಗಿ ಕಟ್ಟಿದ ಕಂತಿಗೆ ವಿನಾಯಿತಿ ಇಲ್ಲ. ಆರೋಗ್ಯ ತಪಾಸಣೆಯ 5,000 ರೂ. ಮಾತ್ರ ನಗದಾದರೂ ಸರಿ, ಅದು ಮೇಲಿನ ಮಿತಿಯೊಳಗೇ ಸೇರುತ್ತದೆ. ಎರಡು-ಮೂರು ವರ್ಷದ ಕಂತನ್ನು ಒಟ್ಟಿಗೆ ಕಟ್ಟಿದ್ದರೆ ವರ್ಷವಾರು ಭಾಗಿಸಿ ತೋರಿಸಬೇಕು. ರಿಟರ್ನಿನಲ್ಲಿ ಈಗ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆಯನ್ನೂ ಕೇಳುತ್ತಾರೆ. ಪಾಲಿಸಿ ಪತ್ರ ಹತ್ತಿರವಿಟ್ಟುಕೊಂಡು ಕೂರಿ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 60 ದಾಟಿದ ತಾಯಿಗೆ ಯಾವ ವಿಮೆಯೂ ಇಲ್ಲದಿದ್ದರೆ, ಆಕೆಯ ಔಷಧಿ, ಡಾಕ್ಟರ ಫೀಸು, ಆಸ್ಪತ್ರೆ ಖರ್ಚನ್ನೇ 50,000 ರೂ. ಮಿತಿಯೊಳಗೆ ತೋರಿಸಬಹುದು. ಷರತ್ತು ಒಂದೇ, ಹಣ ನಗದಾಗಿ ಕೊಟ್ಟಿರಬಾರದು. ಮೆಡಿಕಲ್ ಶಾಪಿನಲ್ಲಿ ಯುಪಿಐ ಅಥವಾ ಕಾರ್ಡಿನಿಂದ ಕೊಟ್ಟು ಬಿಲ್ಲು ಇಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಡಯಾಲಿಸಿಸ್, ಸಕ್ಕರೆ ಕಾಯಿಲೆಯ ಮನೆಗಳಲ್ಲಿ ಈ ಮಿತಿ ಕೆಲವೇ ತಿಂಗಳಲ್ಲಿ ತುಂಬುತ್ತದೆ.

ಇದೆಲ್ಲ ಹಳೆಯ ತೆರಿಗೆ ಪದ್ಧತಿಯವರಿಗೆ. 2023-24ರಿಂದ ಹೊಸ ಪದ್ಧತಿಯೇ ಮೊದಲ ಆಯ್ಕೆ. ನೀವೇನೂ ಹೇಳದಿದ್ದರೆ ಅದರಲ್ಲೇ ಲೆಕ್ಕವಾಗುತ್ತದೆ, ಅದರಲ್ಲಿ 80ಡಿ ಇಲ್ಲ. ಸಂಬಳದಾರರು, ಪಿಂಚಣಿದಾರರು ಗಡುವಿನೊಳಗೆ, ಅಂದರೆ ಸಾಮಾನ್ಯವಾಗಿ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಿದರೆ ಪ್ರತಿವರ್ಷ ತಮಗೆ ಬೇಕಾದ್ದನ್ನು ಆರಿಸಬಹುದು. ತಡವಾದರೆ ಹಳೆಯದಕ್ಕೆ ಹೋಗುವಂತಿಲ್ಲ. ಮನೆ ಬಾಡಿಗೆ ಭತ್ಯೆ, ಗೃಹಸಾಲದ ಬಡ್ಡಿ ದೊಡ್ಡದಾಗಿರುವವರು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಬೇಕು. ನನ್ನಂಥ ಪಿಂಚಣಿದಾರರಲ್ಲಿ ಅನೇಕರಿಗೆ ಆ ಶ್ರಮ ಬೇಕಿಲ್ಲ: 2025-26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ಪಿಂಚಣಿ 12.75 ಲಕ್ಷದವರೆಗಿದ್ದು ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಬರುವುದಿಲ್ಲ.

ಹಾಗೆಂದು ಪಾಲಿಸಿ ಬಿಡುವುದು ಬೇರೆಯೇ ವಿಷಯ. ಮೇಲಿನ ಉದಾಹರಣೆಯ ಮಗ ತಂದೆತಾಯಿಯ ಕಂತಿನ ಮೇಲೆ ಕಳೆದುಕೊಳ್ಳುವ ತೆರಿಗೆ ಲಾಭ 7,904 ರೂ. ಪಾಲಿಸಿ ಒಮ್ಮೆ ತುಂಡಾದರೆ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ, ಮೂರು ವರ್ಷದವರೆಗೂ ಇರಬಹುದು. ಎಪ್ಪತ್ತರ ಬಿಪಿ, ಸಕ್ಕರೆ ರೋಗಿಗೆ ಹೊಸ ಪಾಲಿಸಿ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ. 18ರ ಜಿಎಸ್‌ಟಿಯೂ ಇಲ್ಲ; ಹಳೆಯ ಕಂತಿನ ಭಾರ ನೋಡಿ ಕೈಬಿಡುವ ಯೋಚನೆಯಲ್ಲಿರುವವರು ಹೊಸ ನೋಟಿಸು ಬಂದಾಗ ಮೊತ್ತವನ್ನು ಮತ್ತೊಮ್ಮೆ ನೋಡಿ.

ಸಂಘದ ವೈದ್ಯಕೀಯ ನಿಧಿಗೆ ದೇಣಿಗೆ ಕೊಡುವವರಿಗೂ ಒಂದು ಮಾತು. 80ಜಿ ವಿನಾಯಿತಿಯೂ ಹಳೆಯ ಪದ್ಧತಿಯಲ್ಲಿ ಮಾತ್ರ, 2,000 ರೂ. ಮೀರಿದ ನಗದಿಗೆ ಸಿಗದು. ಚೆಕ್ಕಿನಲ್ಲಿ ಕೊಟ್ಟವರು ಪ್ಯಾನ್ ಸಂಖ್ಯೆಯನ್ನು ಕಚೇರಿಯಲ್ಲಿ ಬರೆಸಿ, 10ಬಿಇ ಪ್ರಮಾಣಪತ್ರ ಕೇಳಿ ಪಡೆಯಿರಿ.