ಕುದುರೆ ಕಂದು ಹಾಕುವುದೇಕೆ?

ಹಸು ಕಂದು ಹಾಕಿದರೆ ಮನೆಮಂದಿಯೆಲ್ಲ ಮರುಗುವುದುಂಟು. ಕುದುರೆಯ ವಿಷಯದಲ್ಲಿ ಈ ನಷ್ಟ ಇನ್ನೂ ದೊಡ್ಡದು. ಹೆಣ್ಣುಕುದುರೆ ಗಬ್ಬ ಹೊರುವುದು ಸುಮಾರು ಹನ್ನೊಂದು ತಿಂಗಳು. ಈಯುವುದು ಸಾಮಾನ್ಯವಾಗಿ ಒಂದೇ ಮರಿ. ಒಂಬತ್ತನೆಯ ತಿಂಗಳಲ್ಲಿ ಅದು ಕಂದು ಹಾಕಿತೆಂದರೆ ಸಾಕಿದವನಿಗೆ ಒಂದು ವರ್ಷವೇ ಹೋದಂತೆ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಜಟಕಾದವನೊಬ್ಬನಿಗೆ ಹೀಗಾಯಿತು. ದೃಷ್ಟಿ ತಾಗಿತೆಂದು ಕೆಲವರು, ಅಪಶಕುನದ ಕುದುರೆಯೆಂದು ಕೆಲವರು ಅಂದರು. ಅವನು ಅದನ್ನು ಬಂದಷ್ಟು ಬೆಲೆಗೆ ಮಾರಿಬಿಟ್ಟ. ಆ ಕುದುರೆಯ ಮೇಲೆ ಹೊರಿಸಿದ ಅಪವಾದ ಎಷ್ಟು ನ್ಯಾಯವಾದದ್ದು?

ಅಮೆರಿಕದ ಕೆಂಟಕಿ ಪಂದ್ಯದ ಕುದುರೆಗಳಿಗೆ ಹೆಸರಾದ ಸೀಮೆ. ಅಲ್ಲಿ ಮೈತುಂಬಿಕೊಂಡು ಆರೋಗ್ಯವಾಗಿದ್ದ ಕುದುರೆಗಳೇ ಯಾವ ಮುನ್ಸೂಚನೆಯೂ ಇಲ್ಲದೆ ಕಂದು ಹಾಕುತ್ತಿದ್ದವು. ಬ್ಯಾಕ್ಟೀರಿಯಗಳನ್ನು ತಡೆಯುವ ಶೋಧಕದಲ್ಲಿಯೂ ನುಸುಳಿಹೋಗುವ ವೈರಸ್ ಇದಕ್ಕೆ ಕಾರಣವಿರಬೇಕೆಂಬ ವಿಚಾರವನ್ನು ಡಿಮಕ್ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು 1933ರಲ್ಲಿ ಮುಂದಿಟ್ಟರು. 1950ರ ದಶಕದಲ್ಲಿ ಅಲ್ಲಿಯೇ ಡಾಲ್ ಮತ್ತು ಅವರ ಸಂಗಡಿಗರು ಮತ್ತೊಂದು ಗಂಟನ್ನು ಬಿಡಿಸಿದರು: ಎಳೆಯ ಕುದುರೆಗಳ ನೆಗಡಿ ಜ್ವರಕ್ಕೆ ಕಾರಣವಾಗುವ ವೈರಸ್ಸೇ ಗಬ್ಬದ ಕುದುರೆಯಲ್ಲಿ ಮರಿಯನ್ನು ಕೊಲ್ಲಬಲ್ಲುದು. ಇಂದು ಅದಕ್ಕೆ ಅಶ್ವ ಹರ್ಪಿಸ್ ವೈರಸ್-1 ಎಂದು ಹೆಸರು.

ಹೆಸರು ವಿದೇಶದ್ದಾದರೂ ನಮಗೆ ದೂರದ್ದಲ್ಲ. ಲ್ಯಾಟಿನ್ನಿನ 'ವೈರಸ್' ನಮ್ಮ 'ವಿಷ'ದ ದಾಯಾದಿ. ಗ್ರೀಕ್ ಮೂಲದ 'ಹರ್ಪಿಸ್' 'ಸರ್ಪ' ಶಬ್ದದ ನಂಟ. ಎರಡರಲ್ಲಿಯೂ ಹರಿದಾಡುವ ಅರ್ಥವಿದೆ. ಈ ರೋಗದ ನಡತೆಯೂ ಹಾಗೆಯೇ. ಒಮ್ಮೆ ಮೈಹೊಕ್ಕ ವೈರಸ್ ಹುತ್ತದ ಹಾವಿನಂತೆ ಬಾಳಿನುದ್ದಕ್ಕೂ ಅಡಗಿರಬಲ್ಲುದು. ದೂರದ ಪ್ರಯಾಣ, ಹೊಸ ಹಿಂಡಿನ ಸಹವಾಸ, ಬೇರೆ ಕಾಯಿಲೆ ಇವುಗಳಿಂದ ಕುದುರೆ ಬಳಲಿದಾಗ ಅದು ಮತ್ತೆ ಹೊರಬೀಳುತ್ತದೆ.

ಉಸಿರಿನ ಮೂಲಕ ಒಳಹೊಕ್ಕ ವೈರಸ್ ರಕ್ತದ ಬಿಳಿಯ ಕಣಗಳನ್ನೇರಿ ಗರ್ಭಕೋಶಕ್ಕೆ ಸಾಗುತ್ತದೆ. ಅಲ್ಲಿಯ ಸಣ್ಣ ರಕ್ತನಾಳಗಳು ಕೆಟ್ಟು ರಕ್ತ ಹೆಪ್ಪುಗಟ್ಟುತ್ತದೆ. ಮಾಸು ಗರ್ಭಕೋಶದಿಂದ ಕಳಚಿಕೊಳ್ಳುತ್ತದೆ. ಕೆಲವೊಮ್ಮೆ ವೈರಸ್ ಮರಿಯ ಶ್ವಾಸಕೋಶ, ಯಕೃತ್ತುಗಳನ್ನೂ ಹಿಡಿಯುತ್ತದೆ. ಏಳು ತಿಂಗಳು ಕಳೆದ ಮೇಲೆಯೇ ಇದು ಹೆಚ್ಚು. ಸೋಂಕು ತಗುಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಂದು ಬೀಳಬಹುದಾದ್ದರಿಂದ ಕಾರಣವನ್ನು ಜನ ಬೇರೆಲ್ಲೋ ಹುಡುಕುತ್ತಾರೆ.

ಕಂದು ಹಾಕಿದ್ದಕ್ಕೆಲ್ಲ ವೈರಸ್ಸೇ ಕಾರಣವಲ್ಲ. ಅವಳಿ ಗರ್ಭ, ಬ್ಯಾಕ್ಟೀರಿಯದ ಸೋಂಕು ಮುಂತಾದವೂ ಉಂಟು. ಪಶುವೈದ್ಯರು ಪರೀಕ್ಷಿಸಿಯೇ ತಿಳಿಯಬೇಕು. ಬಿದ್ದ ಕಂದು, ಮಾಸು, ನೀರುಗಳಲ್ಲಿ ವೈರಸ್ ಹೇರಳವಾಗಿರುತ್ತದೆ. ಆದುದರಿಂದ ಅವನ್ನು ನಾಯಿ ನರಿಗಳಿಗೆ ಬಿಡದೆ ವೈದ್ಯರಿಗೆ ತೋರಿಸಬೇಕು. ಲಾಯವನ್ನು ಔಷಧಿ ಹಾಕಿ ತೊಳೆಯಬೇಕು. ಕಂದು ಹಾಕಿದ ಕುದುರೆಯನ್ನು ಬೇರೆ ಕಟ್ಟಬೇಕು. ಜೊತೆಯಲ್ಲಿದ್ದವನ್ನು ಹೊರಗೆ ಸಾಗಿಸಬಾರದು. ಗಬ್ಬದ ಕುದುರೆಗಳನ್ನು ಎಳೆಯ ಕುದುರೆಗಳಿಂದಲೂ ಹೊಸದಾಗಿ ತಂದವುಗಳಿಂದಲೂ ಮೊದಲೇ ದೂರವಿಡುವುದು ಇನ್ನೂ ಮೇಲು.

ಲಸಿಕೆಯೂ ಇದೆ. ಗಬ್ಬದ ಐದು, ಏಳು, ಒಂಬತ್ತನೆಯ ತಿಂಗಳುಗಳಲ್ಲಿ ಹಾಕಿಸುವುದು ರೂಢಿ. ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ನಮ್ಮ ದೇಶದಲ್ಲಿಯೇ ದೊರೆತ ವೈರಸ್ಸಿನಿಂದ ಇಂಥ ಲಸಿಕೆಯನ್ನು ಸಿದ್ಧಪಡಿಸಿದೆ. ಇದು ಅಪಾಯವನ್ನು ಕಡಿಮೆ ಮಾಡೀತೇ ಹೊರತು ಪೂರ್ಣ ರಕ್ಷೆಯಲ್ಲ. ಲಸಿಕೆ ಹಾಕಿಸಿದೆವೆಂದು ಎಚ್ಚರ ತಪ್ಪುವಂತಿಲ್ಲ.

ಕೊನೆಯದಾಗಿ ಒಂದು ಮಾತು. ಈ ವೈರಸ್ಸಿನಿಂದ ಕಂದು ಹಾಕಿದ ಕುದುರೆ ಬಂಜೆಯಾಗುವುದಿಲ್ಲ. ಸಾಮಾನ್ಯವಾಗಿ ಮುಂದಿನ ಸಲ ಗಬ್ಬ ನಿಂತು ಗಟ್ಟಿಮುಟ್ಟಾದ ಮರಿಯನ್ನೇ ಈಯುತ್ತದೆ. ಅಪಶಕುನವೆಂದು ಮಾರಿದ ಆ ಜಟಕಾದ ಕುದುರೆಯೂ ಇನ್ನಾರದೋ ಲಾಯದಲ್ಲಿ ಮರಿ ಹಾಕಿದ್ದರೆ ಆಶ್ಚರ್ಯವಿಲ್ಲ.